ಗ್ಯಾಸ್ ಜಾಯಿಂಟಿಗೆ ಯಾವುದು: ಬಿಳಿ ಟೇಪೋ, ಹಳದಿ ಟೇಪೋ, ದಾರವೋ, ಪೇಸ್ಟೋ?

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಟೆಫ್ಲಾನ್ ಟೇಪು ಕೊಡಿ’ ಅಂದರೆ ಕೈಗೆ ಬರುವುದು ನಲ್ಲಿಗೆ ಸುತ್ತುವ ಬಿಳಿ ಟೇಪು. ದಪ್ಪ ಸುಮಾರು 0.075 ಮಿ.ಮೀ.; ಸ್ವಲ್ಪ ಜಗ್ಗಿದರೆ ದಾರವಾಗಿಬಿಡುತ್ತದೆ. ನೀರಿಗೆ ಅದು ಸಾಕು, ಗ್ಯಾಸಿಗೆ ಸಾಲದು. ಮನೆಯ ಎಲ್‌ಪಿಜಿ ರೆಗ್ಯುಲೇಟರ್ ದಾಟಿದ ಮೇಲೆ ಒತ್ತಡ ಬರೀ 30 ಮಿಲಿಬಾರ್, ಅಂದರೆ ಒಂದಡಿ ನೀರು ನಿಂತಷ್ಟು. ಆದರೆ ನೀರು ಸೋರಿದರೆ ಹನಿ ಕಾಣುತ್ತದೆ, ಗ್ಯಾಸು ಕಾಣುವುದಿಲ್ಲ.

ಕೊಳ್ಳುವ ಮುಂಚೆ ಜಾಯಿಂಟು ನೋಡಿ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಬಿಗಿ ಕೊಡುವುದು ರಬ್ಬರ್ ವಾಷರು. ಸುರಕ್ಷಾ ಪೈಪು ನಾಜಲ್ಲಿನ ಮೇಲೆ ಕೂರುತ್ತದೆ. ಪೈಪಿನ ಬಾಯಿ ಅಗಲಿಸಿ ನಟ್ಟಿನಿಂದ ಬಿಗಿಯುವ ಫ್ಲೇರ್ ಜಾಯಿಂಟಿನಲ್ಲಿ ಲೋಹಕ್ಕೆ ಲೋಹವೇ ಒತ್ತಿಕೊಳ್ಳುತ್ತದೆ. ಈ ಮೂರಕ್ಕೂ ಏನೂ ಸುತ್ತಬಾರದು. ಸುತ್ತಿದರೆ ಸರಿಯಾಗಿ ಕೂರದೆ ಸೋರುವುದೇ ಹೆಚ್ಚು. ಟೇಪು, ದಾರ, ಪೇಸ್ಟು ಬೇಕಾಗುವುದು ತುದಿಗೆ ಹೋಗುತ್ತಾ ಕಿರಿದಾಗುವ ಟೇಪರ್ ಥ್ರೆಡ್ಡಿಗೆ: ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಬಾಲ್ ವಾಲ್ವು, ಕೆಲವು ಬಿಲ್ಟ್-ಇನ್ ಹಾಬ್‌ಗಳ (ಕಟ್ಟೆಯೊಳಗೆ ಕೂರಿಸಿದ ಒಲೆಗಳ) ಅರ್ಧ ಇಂಚಿನ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆ. ಪೈಪ್ ಗ್ಯಾಸ್ ಇದ್ದ ಮನೆಯಲ್ಲಿ ಮೀಟರಿನ ತನಕದ ಪೈಪಿಗೆ ಕೈ ಹಾಕಲೇಬೇಡಿ.

ಹೆಚ್ಚಿನ ಮನೆಗಳಿಗೆ ನಮ್ಮ ಆಯ್ಕೆ ದಪ್ಪ ಹಳದಿ ಗ್ಯಾಸ್ ಟೇಪು. ಬಣ್ಣ ನಂಬಿ ಕೊಳ್ಳಬೇಡಿ, ಪೊಟ್ಟಣದ ಮೇಲೆ ಗ್ಯಾಸಿಗೆಂದು ಬರೆದಿರಬೇಕು. ಇಂಥ ಟೇಪಿನ ಯುರೋಪಿನ ಮಾನದಂಡವಾದ ಇಎನ್ 751-3 ಅಂತಿದ್ದರೆ ಇನ್ನೂ ಒಳ್ಳೆಯದು. ಹಳೆಯ ಟೇಪು, ಬಣ್ಣವನ್ನು ತಂತಿ ಬ್ರಷ್ಷಿನಲ್ಲಿ ಕೆರೆದು ತೆಗೆಯಿರಿ. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಅರ್ಧ ಅಗಲ ಮೇಲೆ ಮೇಲೆ ಬರುವಂತೆ ಎರಡು-ಮೂರು ಸುತ್ತು ಬಿಗಿಯಾಗಿ ಎಳೆದು ಸುತ್ತಿ. ತುದಿಯ ಮೊದಲ ಥ್ರೆಡ್ಡು ಬರಿದೇ ಇರಲಿ. ಅಲ್ಲಿಂದ ಹರಿದ ಚೂರು ಒಳಗೆ ಹೋದರೆ ಬರ್ನರಿನ ಜೆಟ್ಟಿನಲ್ಲಿ (ಗ್ಯಾಸು ಹೊರಬರುವ ಸಣ್ಣ ತೂತಿನಲ್ಲಿ) ಸಿಕ್ಕಿಕೊಂಡು ಉರಿ ಕುಗ್ಗುತ್ತದೆ. ಜನ ಒಲೆಯನ್ನು ಬೈಯುತ್ತಾರೆ. ಬಿಗಿ ಮಾಡಿದ ಮೇಲೆ ಎಲ್ಬೋ ನೇರವಾಗಲಿ ಅಂತ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದಿರೋ, ಟೇಪು ಕೆಟ್ಟಿತು. ಬಿಚ್ಚಿ ಹೊಸದಾಗಿ ಸುತ್ತಬೇಕು.

ಎಲ್ಬೋ ಒಂದೇ ದಿಕ್ಕಿಗೆ ನಿಲ್ಲಬೇಕಾದ ಕಡೆ ಲಾಕ್‌ಟೈಟ್ 55 ಗೆಲ್ಲುತ್ತದೆ. ಇದು ಲೇಪ ಕೊಟ್ಟ ನೈಲಾನ್ ದಾರ. ಬಿಗಿ ಮಾಡಿದ ಮೇಲೂ 45 ಡಿಗ್ರಿಯವರೆಗೆ ಹಿಂದಕ್ಕೆ ತಿರುಗಿಸಬಹುದು, ಒಣಗಲು ಕಾಯಬೇಕಿಲ್ಲ. ಥ್ರೆಡ್ಡು ನುಣುಪಾಗಿದ್ದರೆ ದಾರ ಜಾರಿ ಗುಪ್ಪೆಯಾಗುತ್ತದೆ, ಮೊದಲು ಗರಗಸದ ಬ್ಲೇಡಿನಿಂದ ಗೀರು ಹಾಕಿ.

ಲಾಕ್‌ಟೈಟ್ 577 ಪೇಸ್ಟು ಗಾಳಿ ಸಿಗದ ಕಡೆ, ಲೋಹ ತಾಗಿ ಗಟ್ಟಿಯಾಗುತ್ತದೆ. ಹಿತ್ತಾಳೆಯಲ್ಲಿ ಬೇಗ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಿಧಾನ. ಅಲುಗಾಟಕ್ಕೆ ಜಗ್ಗದು. ಆದರೆ ಬಿಚ್ಚಲು ಕೆಲವೊಮ್ಮೆ ಕಾಯಿಸಬೇಕು, ಗ್ಯಾಸ್ ಲೈನಿನಲ್ಲಿ ಅದು ಆಗುವ ಮಾತಲ್ಲ. ಮನೆಗೆ ಇದು ಅತಿಯಾಯಿತು.

ಹಳೆಯ ಪ್ಲಂಬರುಗಳು ಥ್ರೆಡ್ಡಿಗೆ ಸುತ್ತಿ ಹಚ್ಚುತ್ತಿದ್ದ ನೂಲು-ಸಫೇದ (ನೂಲು ಮತ್ತು ಬಿಳಿ ಪೇಸ್ಟು) ಒಣ ಗ್ಯಾಸಿನಲ್ಲಿ ಒಣಗಿ ಕುಗ್ಗುತ್ತದೆ. ಸೋರುವ ಕಡೆ ಮೇಲಿಂದ ಎಂ-ಸೀಲ್ ಮೆತ್ತುವುದಂತೂ ರಿಪೇರಿಯೇ ಅಲ್ಲ.

ಕಡೆಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಜಾಯಿಂಟಿನ ಸುತ್ತ ಹಚ್ಚಿ, ಒಂದು ನಿಮಿಷ ನೋಡಿ. ಸಣ್ಣ ಸೋರಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆ ನಿಧಾನವಾಗಿ ಊದುತ್ತದೆ. ಲೈಟರ್ ಹಿಡಿದು ನೋಡುವುದು ಬೇಡ. ಗುಳ್ಳೆ ಬಂದರೆ ವಾಲ್ವು ಮುಚ್ಚಿ, ಜಾಯಿಂಟು ಬಿಚ್ಚಿ, ಮೊದಲಿನಿಂದ ಸುತ್ತಿ.