ಆರು ವರ್ಷ, ಒಂದು ಪುಸ್ತಕದಂಗಡಿ: ಚೀಟಿಗಳನ್ನು ನಂಬಬಹುದೇ?

“ಇದು ನಿಮಗೆ ಬೇಡ” ಎಂದು ಮಾಲೀಕರು ನನ್ನ ಕೈಯಲ್ಲಿದ್ದ ಕಾದಂಬರಿಯನ್ನು ತೆಗೆದು ಕಪಾಟಿಗೆ ಸೇರಿಸಿದ ದಿನದಿಂದ ನಾನು ಆ ಅಂಗಡಿಯ ಕಾಯಂ ಗಿರಾಕಿ. ಕಾರಣ ಕೇಳಿದೆ. “ಹೋದ ಸಲ ಒಯ್ದ ಪುಸ್ತಕದಲ್ಲಿ ಮಳೆಯ ವರ್ಣನೆ ಬಂದಲ್ಲೆಲ್ಲ ಪುಟ ಹಾರಿಸಿದೆ ಎಂದಿದ್ದಿರಿ. ಇದರಲ್ಲಿ ಮೊದಲ ಅರವತ್ತು ಪುಟ ಮಳೆಯೇ.” ಅಂಥ ಮಾತು ಹೇಳಿದ್ದು ನನಗೇ ಮರೆತಿತ್ತು.

ಯಾವ ಸರಣಿ ಮಳಿಗೆಗೂ ಸೇರದ, ಒಬ್ಬರೇ ನಡೆಸುವ ಅಂಗಡಿ ಅದು. ಅಲ್ಲಿಗೆ ಹೋಗಲು ತೊಡಗಿ ಆರು ವರ್ಷವಾಯಿತು. ರಿಯಾಯಿತಿಯ ಆಸೆಗೆ ಹೋಗುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು. ನಾನು ಹೇಳಹೊರಟಿರುವುದು ಅಲ್ಲಿನ ಶಿಫಾರಸುಗಳ ಬಗ್ಗೆ, ಸಂಜೆಯ ಕಾರ್ಯಕ್ರಮಗಳ ಬಗ್ಗೆ.

ಕಪಾಟಿನ ಅಂಚಿಗೆ ಅಂಟಿಸಿದ ಕೈಬರಹದ ಚೀಟಿಗಳು ಈ ಅಂಗಡಿಯ ಜೀವ. ಅಂಗೈಯಗಲದ ಕಾಗದ, ನೀಲಿ ಶಾಯಿ, ಕೆಳಗೆ ಬರೆದವರ ಹೆಸರಿನ ಮೊದಲಕ್ಷರ. ನಾನು ಓದಿದ ಅತ್ಯುತ್ತಮ ಚೀಟಿ ಹೀಗಿತ್ತು: “ಮೊದಲ ಮೂವತ್ತು ಪುಟಕ್ಕೆ ತಾಳ್ಮೆ ಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಅಜ್ಜಿ ಬಾಯಿ ತೆರೆದ ಮೇಲೆ ಪುಸ್ತಕ ಕೆಳಗಿಡಲಾಗುವುದಿಲ್ಲ. ಪ್ರಯಾಣದಲ್ಲಿ ಓದಬೇಡಿ, ಇಳಿಯಬೇಕಾದ ನಿಲ್ದಾಣ ತಪ್ಪುತ್ತದೆ.” ‘ಅದ್ಭುತ’, ‘ಅನನ್ಯ’ ಎಂಬ ಪದಗಳ ಸುಳಿವೇ ಇಲ್ಲ. ಪುಸ್ತಕ ಯಾರಿಗೆ ಹಿಡಿಸುವುದಿಲ್ಲ ಎಂಬುದನ್ನೂ ಹೇಳುವ ಚೀಟಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಆನ್‌ಲೈನ್ ಅಂಗಡಿಗಳ ಶಿಫಾರಸಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ತಡವಾಗಿ. ಒಂದು ವಸ್ತುವನ್ನು ಕೊಂಡವರು ಬೇರೆ ಏನೇನು ಕೊಂಡರು ಎಂದು ತಾಳೆ ನೋಡಿ ಸಲಹೆ ಕೊಡುವ ವಿಧಾನವನ್ನು ಅಮೆಜಾನ್‌ನ ಎಂಜಿನಿಯರುಗಳು 2003ರಲ್ಲೇ ಪ್ರಬಂಧವಾಗಿ ಬರೆದು ವಿವರಿಸಿದ್ದರು. ಜಾಣ ಲೆಕ್ಕಾಚಾರ, ಅನುಮಾನವಿಲ್ಲ. ಆದರೆ ನಾನು ಕೊಂಡದ್ದು ಅದಕ್ಕೆ ಗೊತ್ತು, ನಲವತ್ತನೆಯ ಪುಟದಲ್ಲಿ ಬೇಸತ್ತು ಬಿಟ್ಟದ್ದು ಗೊತ್ತಿಲ್ಲ. ಸೋದರಳಿಯನಿಗೆಂದು ಒಮ್ಮೆ ಜೇನುಸಾಕಣೆಯ ಪುಸ್ತಕ ತರಿಸಿದ್ದಕ್ಕೆ ವರ್ಷವಿಡೀ ನನಗೆ ಜೇನುಹುಳುಗಳೇ ಕಾಣಿಸಿದವು. ಗಲ್ಲಾದ ಹಿಂದೆ ಕೂತವರು “ಮುಗಿಸಿದಿರಾ? ಎಲ್ಲಿ ಬಿಟ್ಟಿರಿ?” ಎಂದು ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರಗಳಿಂದಲೇ ನನ್ನ ಮುಂದಿನ ಪುಸ್ತಕ ಹುಟ್ಟುತ್ತದೆ.

ಹಾಗೆಂದು ಚೀಟಿಗಳೆಲ್ಲ ಬಂಗಾರವಲ್ಲ. ಮೂರನೆಯ ವರ್ಷ, ಅಜ್ಜಿಯ ಚೀಟಿ ಬರೆದಿದ್ದ ಕೆಲಸಗಾರ್ತಿ ಬಿಟ್ಟುಹೋದರು. ಮುಂದಿನ ಕೆಲವು ತಿಂಗಳು ಚೀಟಿಗಳು ಸಪ್ಪೆಯಾದವು. ಒಂದು ಕಥಾಸಂಕಲನದ ಚೀಟಿಯಲ್ಲಿ ‘ಹೃದಯಸ್ವರ್ಶಿ’ ಎಂದಿತ್ತು. ಬರೆಯುವಾಗ ಕೈತಪ್ಪಿರಬೇಕು ಎಂದುಕೊಂಡು ಪುಸ್ತಕ ತಿರುಗಿಸಿದರೆ ಬೆನ್ನುಡಿಯಲ್ಲೂ ‘ಹೃದಯಸ್ವರ್ಶಿ’! ಅಚ್ಚಿನ ತಪ್ಪಿನ ಸಮೇತ ಬೆನ್ನುಡಿ ಚೀಟಿಗೆ ಇಳಿದಿತ್ತು. ಚೀಟಿ ಬರೆದವರು ಪುಸ್ತಕ ತೆರೆದೇ ಇರಲಿಲ್ಲ.

ಇನ್ನೊಂದು ಸಲ, ಬಾಗಿಲ ಬಳಿ ರಾಶಿ ಹಾಕಿದ್ದ ಒಂದೇ ಪುಸ್ತಕದ ಮೇಲೆ ಉತ್ಸಾಹದ ಚೀಟಿ ಕಂಡು ಕೊಂಡೆ, ಓದಿದೆ, ಬೈದುಕೊಂಡೆ. ಮಾಲೀಕರನ್ನೇ ಕೇಳಿದಾಗ ನಕ್ಕರು. ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕರಿಗೆ ಹಿಂದಿರುಗಿಸುವ ಪದ್ಧತಿಯೊಂದು ಪುಸ್ತಕ ವ್ಯಾಪಾರದಲ್ಲಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಂಗಡಿಗಳು ಹೊಸ ಪುಸ್ತಕ ತರಿಸಲು ಹೆದರಿದಾಗ ಅಮೆರಿಕದ ಪ್ರಕಾಶಕರು ಧೈರ್ಯ ತುಂಬಲು ಜಾರಿಗೆ ತಂದದ್ದು. ಆದರೆ ಎಲ್ಲ ಪುಸ್ತಕಗಳಿಗೂ ಆ ಸೌಲಭ್ಯ ಇರುವುದಿಲ್ಲ. “ಇದು ವಾಪಸು ಹೋಗುವ ಮಾಲಲ್ಲ. ನನ್ನ ತಲೆಯ ಮೇಲಿತ್ತು, ನಿಮ್ಮ ತಲೆಗೆ ದಾಟಿಸಿದೆ” ಎಂದರು. ಅವರ ಪ್ರಾಮಾಣಿಕತೆಗೆ ನನ್ನ ಸಿಟ್ಟು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಅಂದಿನಿಂದ ಒಂದೇ ಪ್ರತಿಯ ಪಕ್ಕದ ಚೀಟಿಯನ್ನು ನಂಬುತ್ತೇನೆ. ರಾಶಿಯ ಮೇಲಿನ ಚೀಟಿ ಕಂಡರೆ ಹತ್ತು ಪುಟ ನಿಂತಲ್ಲೇ ಓದಿ ನೋಡುತ್ತೇನೆ.

ಇನ್ನು ಕಾರ್ಯಕ್ರಮಗಳು. ಪುಸ್ತಕ ಬಿಡುಗಡೆಗಳಿಗೆ ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ಮುನ್ನುಡಿ ಬರೆದವರು ಮುನ್ನುಡಿಯನ್ನೇ ಮತ್ತೊಮ್ಮೆ ಹೇಳುತ್ತಾರೆ, ಅಧ್ಯಕ್ಷರು ತಮ್ಮ ಹಳೆಯ ಪುಸ್ತಕದ ಬಗ್ಗೆ ಮಾತಾಡುತ್ತಾರೆ, ಲೇಖಕರಿಗೆ ಕೊನೆಗೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಏಪ್ರಿಲ್ 23ರಂದೂ ಅತ್ತ ಸುಳಿಯುವುದಿಲ್ಲ. ಯುನೆಸ್ಕೊ 1995ರಲ್ಲಿ ಆ ದಿನವನ್ನು ವಿಶ್ವ ಪುಸ್ತಕ ಮತ್ತು ಕೃತಿಸ್ವಾಮ್ಯ ದಿನವೆಂದು ಘೋಷಿಸಿದ್ದು ಒಳ್ಳೆಯದೇ. ಆದರೆ ಅಂದು ಅಂಗಡಿಯಲ್ಲಿ ಕಪಾಟಿಗೆ ಕೈಚಾಚಲೂ ಜಾಗವಿರುವುದಿಲ್ಲ. ಮಕ್ಕಳ ಕಥೆಯ ಗಂಟೆಯ ಗದ್ದಲ ನನಗೆ ದೂರದಿಂದ ಮಾತ್ರ ಗೊತ್ತು.

ನಾನು ತಪ್ಪಿಸದಿರುವುದು ತಿಂಗಳ ಓದುಕೂಟ. ಹನ್ನೊಂದೋ ಹನ್ನೆರಡೋ ಜನ, ಕಪಾಟುಗಳ ನಡುವೆ ವೃತ್ತವಾಗಿ ಮಡಚುವ ಕುರ್ಚಿಗಳು. ಇರುವುದು ಒಂದೇ ನಿಯಮ: ಪುಸ್ತಕ ಮುಗಿಸದವರೂ ಬರಬಹುದು, ಆದರೆ “ಕೊನೆ ಹೇಳಬೇಡಿ” ಎನ್ನುವಂತಿಲ್ಲ. ಒಂದು ಸಂಜೆ ನಾಯಕಿ ಬರೆದ ಪತ್ರವನ್ನು ಅಂಚೆಗೆ ಹಾಕಿದಳೋ ಇಲ್ಲವೋ ಎಂಬ ವಾದ ಹತ್ತಿಕೊಂಡಿತು. ಹಾಕಿದಳು ಎಂದು ನಾನು ಗಟ್ಟಿಯಾಗಿ ಸಾಧಿಸುತ್ತಿದ್ದೆ. ಮೂಲೆಯಲ್ಲಿ ಕೂತು ಮಾತೇ ಆಡದ ಒಬ್ಬ ನಿವೃತ್ತ ಶಿಕ್ಷಕಿ, “ನೂರ ಹನ್ನೆರಡನೆಯ ಪುಟದಲ್ಲಿ ಅವಳ ದಿಂಬಿನ ಕೆಳಗೆ ಒಂದು ಲಕೋಟೆ ಇದೆಯಲ್ಲ?” ಎಂದರು. ಹನ್ನೊಂದು ಪ್ರತಿಗಳ ಹಾಳೆ ಒಟ್ಟಿಗೆ ತಿರುವಿದ ಸದ್ದು, ಆಮೇಲೆ ಮೌನ. ಎರಡು ಸಲ ಓದಿದ್ದರೂ ಆ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದೇ ಶಿಕ್ಷಕಿ ನಡುವೆ ಐದಾರು ತಿಂಗಳು ಕಾಣಿಸಲಿಲ್ಲ. ಕೂಟ ಆಗ ಮಹಡಿಯಲ್ಲಿ ನಡೆಯುತ್ತಿತ್ತು, ಅವರಿಗೆ ಮಂಡಿನೋವು. ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ ಎನ್ನುವುದು ನಾಚಿಕೆಯ ವಿಷಯ. ಅವರೇ ಗಲ್ಲಾದ ಬಳಿಯ ಪುಸ್ತಕದಲ್ಲಿ “ಮೆಟ್ಟಿಲು” ಎಂದು ಒಂದೇ ಪದ ಬರೆದು ಹೋದ ಮೇಲೆ ಕುರ್ಚಿಗಳು ಕೆಳಗಿಳಿದವು. ಈಗ ಜಾಗ ಇಕ್ಕಟ್ಟು, ಮೊಣಕೈಗೆ ನಿಘಂಟುಗಳು ತಾಗುತ್ತವೆ, ಪರವಾಗಿಲ್ಲ.

ಭಾನುವಾರದ ಮೌನ ಓದಿನ ಬಗ್ಗೆ ಮೊದಲು ನಗು ಬಂದಿತ್ತು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಗೆಳತಿಯರು ಶುರುಮಾಡಿ ಈಗ ಹಲವು ದೇಶಗಳಿಗೆ ಹಬ್ಬಿದ ಕ್ರಮವಿದು: ಅವರವರ ಪುಸ್ತಕ ಅವರವರು ತಂದು ಒಂದು ಗಂಟೆ ಸುಮ್ಮನೆ ಓದುವುದು, ಚರ್ಚೆಯ ಒತ್ತಾಯವಿಲ್ಲ. ಓದಲು ಮನೆ ಬಿಟ್ಟು ಹೋಗಬೇಕೇ ಎಂದುಕೊಂಡೇ ಹೋದೆ. ಮೊದಲ ದಿನ ನಲವತ್ತೆರಡು ಪುಟ ಓದಿದೆ. ಮನೆಯಲ್ಲಿ ಅಷ್ಟಕ್ಕೆ ನನಗೆ ವಾರ ಬೇಕು, ಮೊಬೈಲಿನ ಕೃಪೆ.

ದೂರುಗಳೂ ಇವೆ. ಕಾರ್ಯಕ್ರಮದ ಸುದ್ದಿ ಹಿಂದಿನ ದಿನ ಬರುತ್ತದೆ, ಕೆಲವೊಮ್ಮೆ ಅಂದೇ. ಕೂಟದ ಪುಸ್ತಕವನ್ನು ಯಾರ ದನಿ ದೊಡ್ಡದೋ ಅವರೇ ಆರಿಸುತ್ತಾರೆ. ಹಾಗಾಗಿ ಆರು ವರ್ಷದಲ್ಲಿ ಕವಿತೆಗೆ ಸರದಿ ಬಂದದ್ದು ಎರಡೇ ಸಲ. ಇಲ್ಲದ ಪುಸ್ತಕ ಹೇಳಿದರೆ ತರಿಸಿಕೊಡುತ್ತಾರೆ, ಮೂರು ವಾರ ಹಿಡಿಯುತ್ತದೆ. ತುರ್ತಿದ್ದರೆ ಬೇರೆ ಕಡೆ ನೋಡಿಕೊಳ್ಳಿ.

ನಾನು ಈವರೆಗೆ ಬೇಡಿಕೆಯ ಪುಸ್ತಕದಲ್ಲಿ ಬರೆಸಿದ ಹತ್ತೊಂಬತ್ತು ಶೀರ್ಷಿಕೆಗಳಲ್ಲಿ ಹದಿನೆಂಟು ಬಂದಿವೆ. ಒಂದು ಮಾತ್ರ ಅಚ್ಚಿನಲ್ಲಿಲ್ಲ. ನಾಲ್ಕು ವರ್ಷದ ಹಿಂದಿನ ಆ ಪುಟದಲ್ಲಿ ಅದರ ಮುಂದೆ ಮಾಲೀಕರು ‘ಮರುಮುದ್ರಣವಾದರೆ’ ಎಂದು ಬರೆದಿಟ್ಟಿದ್ದಾರೆ. ಹೋದ ವಾರ ಹಾಳೆ ಮಗುಚಿ ನೋಡಿದೆ, ಇನ್ನೂ ಅಡ್ಡಗೆರೆ ಎಳೆದಿಲ್ಲ.