ಒಂದೇ ಫೈಲು, ಎರಡು ಉತ್ತರ: ಎನ್‌ಎಫ್‌ಎಸ್ ಮತ್ತು ಸಾಂಬಾದ ಅನುಮತಿ ತಪಾಸಣೆ

ಎನ್‌ಎಫ್‌ಎಸ್, ಸಾಂಬಾ ಎರಡೂ ಒಂದು ಯಂತ್ರದ ಫೈಲುಗಳನ್ನು ನೆಟ್‌ವರ್ಕಿನ ಮೂಲಕ ಬೇರೆ ಯಂತ್ರಗಳಿಗೆ ಹಂಚುವ ವ್ಯವಸ್ಥೆಗಳು. ಲಿನಕ್ಸ್ ಸರ್ವರಿನ ಒಂದೇ ಡೈರೆಕ್ಟರಿಯನ್ನು ಎನ್‌ಎಫ್‌ಎಸ್ ಮೂಲಕವೂ ಸಾಂಬಾ ಮೂಲಕವೂ ಹಂಚಿ, ಅವೇ ಫೈಲುಗಳನ್ನು ಎರಡೂ ಕಡೆಯಿಂದ ತೆರೆದು ನೋಡಿದೆ. ಡಿಸ್ಕಿನ ಮೇಲಿನ ಅನುಮತಿ ಒಂದೇ, ಸಿಕ್ಕ ಉತ್ತರ ಬೇರೆ. ಬಂದವರು ಯಾರು ಅನ್ನುವುದಕ್ಕೆ ಸರ್ವರ್ ಯಾರ ಮಾತು ನಂಬುತ್ತದೆ, ತಪಾಸಣೆ ಯಾವಾಗ ಮಾಡುತ್ತದೆ ಎಂಬುದರಲ್ಲೇ ಎಲ್ಲ ಇದೆ.

ಎನ್‌ಎಫ್‌ಎಸ್‌ನ ಮಾಮೂಲಿ ಸೆಟ್ಟಿಂಗಿನಲ್ಲಿ ಪಾಸ್‌ವರ್ಡ್ ಕೇಳುವವರೇ ಇಲ್ಲ. ಫೈಲು ಕೇಳುವ ಕ್ಲೈಂಟ್ ಯಂತ್ರ 'ಇವರು ಯುಐಡಿ (ಬಳಕೆದಾರರ ಸಂಖ್ಯೆ) 1001' ಎಂದರೆ ಸರ್ವರ್ ಹೂಂಗುಟ್ಟುತ್ತದೆ. ನನ್ನ ಲ್ಯಾಪ್‌ಟಾಪಿಗೆ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರ, ನಾನೇ. ಆ ಸಂಖ್ಯೆಯಲ್ಲೊಂದು ಹೊಸ ಖಾತೆ ತೆರೆದು ಒಳಹೊಕ್ಕರೆ, ಸರ್ವರಿನಲ್ಲಿ 1001ರ ಅಸಲಿ ಒಡೆಯರು 600 (ಒಡೆಯರಿಗೆ ಮಾತ್ರ ಓದು, ಬರಹ) ಹಾಕಿ ಮುಚ್ಚಿಟ್ಟ ಫೈಲು ಸಲೀಸಾಗಿ ತೆರೆಯಿತು. ಕ್ಲೈಂಟಿನ ರೂಟಿಗೆ ಸರ್ವರಿನಲ್ಲಿ ಅಧಿಕಾರ ಕೊಡದ ರೂಟ್ ಸ್ಕ್ವಾಷ್ ಸೆಟ್ಟಿಂಗ್ ಇತ್ತು, ಆದರೆ ಅದು ಸೊನ್ನೆ ಸಂಖ್ಯೆಯ ರೂಟನ್ನು ಮಾತ್ರ ತಡೆಯುತ್ತದೆ. ಆವೃತ್ತಿ 4ಕ್ಕೆ ಏರಿಸಿದರೂ ಅಷ್ಟೇ. ಬಳಕೆದಾರರ ಗುರುತನ್ನು ಖಚಿತಪಡಿಸುವ ಕರ್ಬರೋಸ್ ವ್ಯವಸ್ಥೆ ಹಾಕಿದ ಮೇಲೆ ಈ ಆಟ ನಿಂತಿತು.

ಗುಂಪುಗಳದ್ದು ಇನ್ನೊಂದು ತಕರಾರು. ಈ ಮಾಮೂಲಿ ವಿಧಾನದಲ್ಲಿ ಒಂದು ಕೋರಿಕೆಗೆ 16 ಹೆಚ್ಚುವರಿ ಗುಂಪುಗಳಷ್ಟೇ ಹಿಡಿಸುತ್ತವೆ. ಅದಕ್ಕಿಂತ ಹೆಚ್ಚಿದ್ದರೆ, ಸರ್ವರಿನಲ್ಲಿ ನೇರವಾಗಿ ತೆರೆಯುವ ಫೋಲ್ಡರೇ ನೆಟ್‌ವರ್ಕಿನಲ್ಲಿ 'ಪರ್ಮಿಷನ್ ಡಿನೈಡ್' ಅನ್ನುತ್ತದೆ. ಗುಂಪುಗಳನ್ನು ಸರ್ವರೇ ಹುಡುಕಿಕೊಳ್ಳುವಂತೆ ಎನ್‌ಎಫ್‌ಎಸ್ ಸರ್ವರಿನ ಮೌಂಟ್‌ಡಿ ಪ್ರೋಗ್ರಾಮಿಗೆ ಮ್ಯಾನೇಜ್-ಜಿಐಡಿಎಸ್ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ.

ಸಾಂಬಾ ಮೊದಲು ಲಾಗಿನ್ ಕೇಳುತ್ತದೆ, ಆಮೇಲೆ ಆ ಬಳಕೆದಾರರಾಗಿಯೇ ಡಿಸ್ಕ್ ಮುಟ್ಟುತ್ತದೆ. ಹಾಗಾಗಿ ಸಂಖ್ಯೆಯ ವೇಷ ಇಲ್ಲಿ ನಡೆಯಲಿಲ್ಲ. ಆದರೆ ಬಾಗಿಲು ಎರಡು: ಫೈಲಿನಲ್ಲಿ ಬರೆಯುವ ಅನುಮತಿ ಇದ್ದರೂ ಶೇರ್ 'ರೀಡ್ ಓನ್ಲಿ' ಆಗಿದ್ದರೆ ಮುಗಿಯಿತು, ಮತ್ತು ಹಾಗಿರುವುದೇ ಡೀಫಾಲ್ಟ್. ಹೊಸ ಫೈಲಿಗೆ ಗರಿಷ್ಠ ಯಾವ ಅನುಮತಿ ಎಂದು ಹೇಳುವ ಕ್ರಿಯೇಟ್ ಮಾಸ್ಕಿನ ಡೀಫಾಲ್ಟ್ 0744 ಆದ್ದರಿಂದ ಹೊಸ ಫೈಲುಗಳನ್ನು ಗುಂಪಿನವರು ಓದಬಹುದು, ತಿದ್ದಲಾಗದು. ಇದನ್ನು ಬದಲಿಸದೆ ಜೊತೆಗೆ ಕೆಲಸ ಮಾಡುವುದು ಕಷ್ಟ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ತಪಾಸಣೆಯ ಹೊತ್ತು. ಒಬ್ಬರು ದೊಡ್ಡ ಫೈಲು ಓದುತ್ತಿರುವಾಗಲೇ ಒಡೆಯರು ಅದನ್ನು 600ಕ್ಕೆ ಇಳಿಸಿದರೆ? ಸಾಂಬಾದಲ್ಲಿ ಓದು ನಿಲ್ಲಲಿಲ್ಲ. ತೆರೆಯುವಾಗ ಸಿಕ್ಕ ಹಕ್ಕು ಮುಚ್ಚುವ ತನಕ ಉಳಿಯುತ್ತದೆ. ಎನ್‌ಎಫ್‌ಎಸ್ ಆವೃತ್ತಿ 3ರಲ್ಲಿ ಓದು ನಡುವೆಯೇ ಮುರಿದುಬಿತ್ತು. ಆ ಪ್ರೋಟೋಕಾಲಿನಲ್ಲಿ 'ತೆರೆ' ಎಂಬ ಕೋರಿಕೆಯೇ ಇಲ್ಲ, ಪ್ರತಿ ಓದಿಗೂ ತಪಾಸಣೆ. ಅಷ್ಟರಲ್ಲಿ ಕ್ಲೈಂಟಿನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಸೇರಿದ ಭಾಗ ಮಾತ್ರ ಸಿಗುತ್ತದೆ. ಒಡೆಯರೇ ಓದುತ್ತಿದ್ದರೆ ಸರ್ವರ್ ಕಣ್ಣು ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ತಾವೇ ತೆರೆದ ಫೈಲು ಅವರ ಕೈಯಲ್ಲೇ ಕೆಡುತ್ತಿತ್ತು. ಜಾಣ ರಾಜಿ.

ಲಿನಕ್ಸ್ ಕ್ಲೈಂಟಿನಲ್ಲಿ ಸಾಂಬಾ ಶೇರ್ ಮೌಂಟ್ ಮಾಡುವವರಿಗೆ (ತಮ್ಮ ಯಂತ್ರದ ಫೋಲ್ಡರಿನಂತೆ ಜೋಡಿಸಿಕೊಳ್ಳುವವರಿಗೆ) ಒಂದು ಮಾತು: ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಆದೇಶ ತೋರಿಸುವುದನ್ನು ನಂಬಬೇಡಿ. ಎಲ್ಲ ಫೈಲುಗಳೂ 755 (ಎಲ್ಲರೂ ಓದಬಹುದು) ಎಂದು ಕಾಣುತ್ತಿದ್ದವು, ತೆರೆಯಹೋದರೆ ಕೆಲವು ತೆರೆಯಲಿಲ್ಲ. ಅದು ಕ್ಲೈಂಟ್ ತಾನೇ ಬರೆದುಕೊಂಡ ಅಂಕಿ. ಸಾಲದ್ದಕ್ಕೆ, ಮಲ್ಟಿಯೂಸರ್ ಆಯ್ಕೆ ಕೊಡದಿದ್ದರೆ ಆ ಯಂತ್ರದಲ್ಲಿರುವ ಎಲ್ಲರೂ ಒಂದೇ ಲಾಗಿನ್ನಿನ ಹೆಸರಿನಲ್ಲಿ ಸರ್ವರಿಗೆ ಹೋಗುತ್ತಾರೆ.

ಎಲ್ಲ ಯಂತ್ರಗಳ ರೂಟ್ ನನ್ನ ಕೈಯಲ್ಲಿರುವ ಕಡೆ ಎನ್‌ಎಫ್‌ಎಸ್ ಇಟ್ಟುಕೊಂಡಿದ್ದೇನೆ. ಯಾರ್ಯಾರದೋ ಲ್ಯಾಪ್‌ಟಾಪ್ ಸೇರುವ ಕಡೆ, ಕರ್ಬರೋಸ್ ಸ್ಥಾಪಿಸುವ ತಾಳ್ಮೆ ಇಲ್ಲದಿದ್ದರೆ, ಸಾಂಬಾವೇ ವಾಸಿ.