ಲಿನಕ್ಸ್‌ಗೆ ಕ್ಯಾಮೆರಾ ಜೋಡಿಸುವ ಜಿಫೋಟೋ2: ಒಂದು ವಿಮರ್ಶೆ

ಕ್ಯಾಮೆರಾ ತಯಾರಕರು ಕೊಡುವ ತಂತ್ರಾಂಶಗಳು ಬಹುಪಾಲು ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ ಸೀಮಿತವಾಗಿರುವುದರಿಂದ, ಲಿನಕ್ಸ್ ಬಳಸುವ ಛಾಯಾಗ್ರಾಹಕರಿಗೆ ಜಿಫೋಟೋ2 ಎಂಬ ಮುಕ್ತ ತಂತ್ರಾಂಶವೇ ದೊಡ್ಡ ಆಸರೆ. ಅದರ ಹಿಂದಿರುವ ಲಿಬ್‌ಜಿಫೋಟೋ2 ಲೈಬ್ರರಿಯ (ಬೇರೆ ತಂತ್ರಾಂಶಗಳೂ ಬಳಸಬಹುದಾದ ಕೋಡ್ ಸಂಗ್ರಹ) ಪಟ್ಟಿಯಲ್ಲಿ 2,500ಕ್ಕೂ ಹೆಚ್ಚು ಕ್ಯಾಮೆರಾ ಮಾದರಿಗಳಿವೆ. ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಎಂಟ್ಯಾಂಗಲ್ ಮುಂತಾದ ಛಾಯಾಗ್ರಹಣ ತಂತ್ರಾಂಶಗಳೂ ಕ್ಯಾಮೆರಾದೊಂದಿಗೆ ಮಾತನಾಡಲು ಇದನ್ನೇ ಬಳಸುತ್ತವೆ. ಇಂದಿನ ಬಹುತೇಕ ಕ್ಯಾಮೆರಾಗಳು ಐಎಸ್‌ಒ 15740 ಮಾನಕವಾಗಿರುವ, ಕ್ಯಾಮೆರಾದಿಂದ ಚಿತ್ರ ವರ್ಗಾಯಿಸುವ ಪಿಟಿಪಿ (ಪಿಕ್ಚರ್ ಟ್ರಾನ್ಸ್‌ಫರ್ ಪ್ರೋಟೋಕಾಲ್) ವಿಧಾನವನ್ನು ಪಾಲಿಸುವುದರಿಂದ ಪ್ರತಿ ಮಾದರಿಗೂ ಬೇರೆ ಡ್ರೈವರ್ ಹುಡುಕುವ ಗೋಜಿಲ್ಲ.

ಉಬುಂಟು, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ಆವೃತ್ತಿಗಳ ತಂತ್ರಾಂಶ ಭಂಡಾರದಲ್ಲೇ ಸಿಗುವುದರಿಂದ ಇನ್‌ಸ್ಟಾಲ್ ಮಾಡುವುದು ಸುಲಭ. ಹೊಸಬರು ಎಡವುವುದು ಅದರ ನಂತರ. ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಡೆಸ್ಕ್‌ಟಾಪ್‌ನ ಜಿವಿಎಫ್‌ಎಸ್ ಸೇವೆ ಕ್ಯಾಮೆರಾವನ್ನು ತಾನೇ ಮೌಂಟ್ ಮಾಡಿಕೊಳ್ಳುತ್ತದೆ, ಅಂದರೆ ಒಂದು ಫೋಲ್ಡರಿನಂತೆ ತೆರೆದಿಟ್ಟುಕೊಳ್ಳುತ್ತದೆ. ಒಂದು ಹೊತ್ತಿಗೆ ಒಂದೇ ತಂತ್ರಾಂಶ ಅದನ್ನು ಹಿಡಿದಿರಬಹುದಾದ್ದರಿಂದ, ಆಮೇಲೆ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಜಿಫೋಟೋ2 ಓಡಿಸಿದರೆ ಸಾಧನ ತನ್ನ ವಶಕ್ಕೆ ಸಿಗಲಿಲ್ಲವೆಂದು ಮೈನಸ್ 53 ಸಂಖ್ಯೆಯ ದೋಷ ಬರುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾವನ್ನು ಅನ್‌ಮೌಂಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಆ ಸಂದೇಶ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು, ಏಕೆಂದರೆ ಅದನ್ನು ಓದಿದವರು ಮೊದಲು ಅನುಮಾನಿಸುವುದು ಕೇಬಲ್ಲನ್ನೇ.

ಇದರ ನಿಜವಾದ ಬೆಲೆ ತಿಳಿಯುವುದು ಕಂಪ್ಯೂಟರಿನಿಂದಲೇ ಶಟರ್ ಒತ್ತುವಾಗ. ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರೀಕರಿಸುವವರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಒಂದೇ ಆದೇಶದಿಂದ ಚಿತ್ರ ತೆಗೆದು, ದಿನಾಂಕ ಮತ್ತು ಸಮಯವೇ ಹೆಸರಾಗುವಂತೆ ಅದನ್ನು ನೇರವಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಬಹುದು. ಕ್ಯಾಮೆರಾವನ್ನು ಮುಟ್ಟುವ ಅಗತ್ಯವೇ ಇಲ್ಲವಾದ್ದರಿಂದ ಅದು ಅಲುಗಿ ಅಕ್ಷರಗಳು ಮಸುಕಾಗುವುದಿಲ್ಲ. ಒಂದು ಎಚ್ಚರ ಅಗತ್ಯ: ಹಲವು ಮಾದರಿಗಳಲ್ಲಿ ಹೀಗೆ ತೆಗೆದ ಚಿತ್ರ ಕ್ಯಾಮೆರಾದ ತಾತ್ಕಾಲಿಕ ಸ್ಮರಣೆಯಲ್ಲಷ್ಟೇ ಇದ್ದು ಕಾರ್ಡಿನಲ್ಲಿ ಉಳಿಯುವುದಿಲ್ಲ. ಎರಡೂ ಕಡೆ ಪ್ರತಿ ಬೇಕಿದ್ದವರು 'ಕ್ಯಾಪ್ಚರ್‌ಟಾರ್ಗೆಟ್' ಸೆಟ್ಟಿಂಗನ್ನು ಮೆಮೊರಿ ಕಾರ್ಡಿಗೆ ಬದಲಿಸಿ, ಆದೇಶದೊಂದಿಗೆ 'ಕೀಪ್' ಆಯ್ಕೆಯನ್ನೂ ಸೇರಿಸಬೇಕು. ಮರಳಿ ಸಿಗದ ಚಿತ್ರಗಳ ಕೆಲಸದಲ್ಲಿ ಇದನ್ನು ಮೊದಲೇ ಪರೀಕ್ಷಿಸಿ ನೋಡಿ ಎಂದು ಒತ್ತಿ ಹೇಳುತ್ತೇನೆ.

ಮದುವೆಯಂಥ ಸಮಾರಂಭದ ರಾಶಿ ರಾಶಿ 'ರಾ' (ಸಂಸ್ಕರಿಸದ ಮೂಲಚಿತ್ರ) ಫೈಲುಗಳನ್ನು ನಕಲಿಸುವುದಷ್ಟೇ ಉದ್ದೇಶವಾಗಿದ್ದರೆ ಒಳ್ಳೆಯ ಕಾರ್ಡ್ ರೀಡರ್ ಸಾಮಾನ್ಯವಾಗಿ ಹೆಚ್ಚು ವೇಗದ್ದು, ಕ್ಯಾಮೆರಾದ ಬ್ಯಾಟರಿಯೂ ಉಳಿಯುತ್ತದೆ. ರೀಡರ್ ಹತ್ತಿರವಿಲ್ಲದಾಗ ಮಾತ್ರ ಜಿಫೋಟೋ2ದಿಂದಲೇ ಎಲ್ಲವನ್ನೂ ಇಳಿಸಿಕೊಳ್ಳಿ. 'ಸ್ಕಿಪ್-ಎಕ್ಸಿಸ್ಟಿಂಗ್' ಆಯ್ಕೆ ಕೊಟ್ಟರೆ ಈಗಾಗಲೇ ಬಂದಿರುವ ಫೈಲುಗಳನ್ನು ಬಿಟ್ಟು ಉಳಿದವನ್ನಷ್ಟೇ ತರುತ್ತದೆ.